ಗುಳೆ ಹೋಗುವವರ ಮಕ್ಕಳ ವಿದ್ಯೆ

(ರೋಣದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ಹಿರಿಯರು ಇಂದು ಒಂದೆಡೆ ಕೂಡಿರುವಿರಿ. ಬಡವರ ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿದ್ಯೆಯ ಮಹಿಮೆಯನ್ನು ನಾನು ವರ್ಣಿಸಹೋಗುವುದಿಲ್ಲ; ಅದನ್ನು ಅರಿಯದವರು ಈ ಸಭೆಯಲ್ಲಿ ಯಾರೂ ಇಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಊರಲ್ಲಿ ಶಾಲೆಯಿದ್ದೂ, ಮಾಸ್ತರರಿದ್ದೂ, ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ, ದೀಪಾವಳಿ ಕಳೆಯಿತೆಂದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಎಲ್ಲಿ ಹೋಗುತ್ತಾರೆ?

ಉತ್ತರವು ನಿಮಗೆ ಗೊತ್ತು. ತಂದೆತಾಯಿಗಳ ಸಂಗಡ ಗುಳೆ ಹೋಗುತ್ತಾರೆ. ಮಲಪ್ರಭೆಯ ಕಾಲುವೆ ನರಗುಂದದ ಕಡೆಗೆ ಹರಿದಿದೆ. ಆದರೆ ಗಜೇಂದ್ರಗಡದ ಗುಡ್ಡದ ಸೆರಗಿನ ಊರುಗಳೂ ತಾಂಡಾಗಳೂ ಇಂದಿಗೂ ಮುಗಿಲನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೂಲಿಯಿಲ್ಲ. ಆಗ ಮನೆಗೆ ಬೀಗ ಬೀಳುತ್ತದೆ. ಸಂಸಾರವು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗಂಟುಮೂಟೆ ಕಟ್ಟುತ್ತದೆ. ತಾಯಿ ಕಲ್ಲುಮಣ್ಣು ಹೊರುವಾಗ ತೊಟ್ಟಿಲ ಕೂಸನ್ನು ಎತ್ತಿಕೊಳ್ಳುವವರು ಬೇಕಲ್ಲವೇ? ಆ ಕೆಲಸಕ್ಕೆ ಹಿರಿಯ ಮಗಳೇ ಗೊತ್ತು. ಜೂನಿನಲ್ಲಿ ಪಾಟಿ ಹಿಡಿದವಳು ಡಿಸೆಂಬರಿನಲ್ಲಿ ಪಾಟಿ ಬಿಟ್ಟು ತಮ್ಮನನ್ನು ಸೊಂಟಕ್ಕೇರಿಸುತ್ತಾಳೆ. ಮುಂದಿನ ಮುಂಗಾರಿಗೆ ಮರಳಿ ಬಂದಾಗ ಅವಳ ಓರಗೆಯವರು ಮುಂದೆ ಸಾಗಿರುತ್ತಾರೆ. ಎರಡು ವರ್ಷ ಹೀಗಾದರೆ ನಾಚಿಕೆಯೇ ಶಾಲೆಯ ಬಾಗಿಲನ್ನು ಮುಚ್ಚುತ್ತದೆ.

ಈ ತಾಯಿತಂದೆಗಳನ್ನು ಅಜ್ಞಾನಿಗಳೆಂದು ಜರೆಯುವವರಿದ್ದಾರೆ. ಅದು ಅನ್ಯಾಯದ ಮಾತು. ಮಗುವನ್ನು ಬಿಟ್ಟುಹೋಗಲು ಅವರು ಸಿದ್ಧರಿಲ್ಲವೆಂದಲ್ಲ. ಬಿಟ್ಟರೆ ಉಣ್ಣಿಸುವವರು ಯಾರು? 2002 ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಎಲ್ಲೆಡೆಗೆ ಹಬ್ಬಿದ ಅಕ್ಷರ ದಾಸೋಹವು ಮಧ್ಯಾಹ್ನದ ಅನ್ನವನ್ನು ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ. ಆದರೆ ಮನೆಯಲ್ಲಿ ಮುಪ್ಪಿನ ಅಜ್ಜಿಯೊಬ್ಬಳೇ ಉಳಿದಿರುವಾಗ ರಾತ್ರಿಯ ರೊಟ್ಟಿ ಎಲ್ಲಿಂದ ಬರಬೇಕು? ಮಹನೀಯರೇ, ನಮ್ಮ ಮೂರು ತಾಲೂಕುಗಳ ವಿದ್ಯೆಯ ಪ್ರಶ್ನೆಯು ಬಹುಮಟ್ಟಿಗೆ ಈ ರಾತ್ರಿಯ ರೊಟ್ಟಿಯ ಪ್ರಶ್ನೆಯಾಗಿದೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರಿಗೆ ಲೆಕ್ಕವಿಲ್ಲ. ಗದಗಿನ ಪಂಚಾಕ್ಷರ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ತಮ್ಮ ಸಂಗೀತ ಪಾಠಶಾಲೆಯನ್ನು ಊರೂರಿಗೆ ಒಯ್ದರು. 1944 ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010 ರ ವರೆಗೆ ಪುಣ್ಯಾಶ್ರಮವನ್ನು ನಡೆಸಿದರು. ಅನ್ನವೂ ಅಕ್ಷರವೂ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಡುವುದು ಈ ನಾಡಿನ ಸಂಪ್ರದಾಯ.

ಇನ್ನು ಕಾಯಿದೆಯ ಮಾತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು ಸಾರಿದ 2009 ರ ಕಾಯಿದೆಯು 2010 ರ ಏಪ್ರಿಲ್ 1 ರಂದು ಜಾರಿಗೆ ಬಂದಿತು. ಅದರ ಒಂಬತ್ತನೆಯ ಕಲಮು ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಐದನೆಯ ಕಲಮಿನಂತೆ ಮಗು ಬೇರೆ ಊರಿಗೆ ಅಥವಾ ಬೇರೆ ರಾಜ್ಯಕ್ಕೆ ಹೋದರೆ ಮುಖ್ಯಾಧ್ಯಾಪಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ನಾಲ್ಕನೆಯ ಕಲಮಿನಂತೆ ಹಿಂದೆ ಬಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ ವಿಶೇಷ ಪಾಠ ಹೇಳಿಕೊಡಬೇಕು. ಇದು ದಾನವಲ್ಲ, ಹಕ್ಕು. ಆದರೆ ಕೇಳುವವನಿಲ್ಲದ ಹಕ್ಕು ಕಪಾಟಿನಲ್ಲಿಟ್ಟ ಕಾಗದವಷ್ಟೇ.

ಗಡಿಯ ಮಾತೂ ಇದರಲ್ಲಿದೆ. 1948 ರ ವರೆಗೆ ನಮ್ಮ ನೆರೆಯ ಯಲಬುರ್ಗಿ, ಕುಷ್ಟಗಿಗಳು ನಿಜಾಮನ ಆಳಿಕೆಯಲ್ಲಿದ್ದವು. ಅಲ್ಲಿಯ ಕನ್ನಡದ ಹುಡುಗನಿಗೆ ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ಏಕೀಕರಣಕ್ಕಾಗಿ ಜೀವ ತೇಯ್ದರು. 1956 ರ ನವೆಂಬರ್ 1 ರಂದು ಆ ಗೋಡೆ ಬಿದ್ದಿತು. ಆದರೆ ಗುಳೆ ಹೋದ ಮಗುವಿಗೆ ಗಡಿ ಇನ್ನೂ ಇದೆ. ಗೋವೆಯಲ್ಲಿ ಕನ್ನಡ ಶಾಲೆಗಳುಂಟು; ಕೂಲಿಯವರ ಬಿಡಾರವು ಅವುಗಳ ಸಮೀಪದಲ್ಲಿಯೇ ಬೀಳುವುದೆಂಬ ಭರವಸೆಯಿಲ್ಲ. ಒಂದಾದ ನಾಡಿನ ಮಗು ವರ್ಷಕ್ಕೆ ಅರ್ಧ ಭಾಗ ಯಾವ ನಾಡಿನ ಶಾಲೆಗೂ ಸೇರದೆ ಉಳಿಯುವುದು ನಮಗೆ ಶೋಭಿಸದು.

ಆದುದರಿಂದ ಈ ಸಭೆಯ ಮುಂದೆ ಮೂರು ಅಂಶಗಳ ಠರಾವನ್ನಿಡುತ್ತೇನೆ. ಒಂದು, ದೀಪಾವಳಿಗೆ ಮುಂಚೆಯೇ ಪ್ರತಿಯೊಂದು ಪಂಚಾಯತಿಯೂ ಗುಳೆ ಹೊರಡಲಿರುವ ಮನೆಗಳ ಮಕ್ಕಳ ಪಟ್ಟಿಯನ್ನು ಮಾಡಲಿ. ಎರಡು, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಎಡೆಯಿರುವ ಋತುಮಾನದ ವಸತಿ ಕೇಂದ್ರಗಳನ್ನು ಆ ಪಟ್ಟಿಯ ಆಧಾರದಿಂದ ಹಕ್ಕಾಗಿ ಕೇಳೋಣ. ಅವು ಬರುವ ತನಕ ಅಜ್ಜಿಯ ಬಳಿ ಉಳಿದ ಮಕ್ಕಳಿಗೆ ರಾತ್ರಿಯೂಟವನ್ನು ಊರ ಮಠಗಳೂ ಉಳ್ಳವರೂ ಸರದಿಯಿಂದ ವಹಿಸಿಕೊಳ್ಳಲಿ. ಮೂರು, ಉಳಿಯಲಾರದೆ ಹೋಗುವ ಪ್ರತಿಯೊಂದು ಮಗುವಿನ ಕೈಯಲ್ಲಿ ವರ್ಗಾವಣೆ ಪತ್ರವಿರಲಿ. ಕಾಗದಪತ್ರದ ಕೆಲಸಕ್ಕೆ ನಾವು ವಕೀಲರು ಶುಲ್ಕವಿಲ್ಲದೆ ನಿಲ್ಲೋಣ.

ನೀರಿನ ಕರದ ಅನ್ಯಾಯವನ್ನು 1980 ರಲ್ಲಿ ಎದುರಿಸಿ ನಿಂತ ನರಗುಂದದ ರೈತರ ನೆಲವಿದು. ತನ್ನ ಬೆಳೆಗಾಗಿ ದನಿಯೆತ್ತಿದ ನೆಲವು ತನ್ನ ಮಕ್ಕಳಿಗಾಗಿಯೂ ಎತ್ತಲಿ. ಠರಾವಿಗೆ ನಿಮ್ಮ ಅನುಮೋದನೆಯನ್ನು ಬೇಡುತ್ತೇನೆ.