ಹತ್ತು ಹೆಸರಿನವರಿಗೆ ಹನ್ನೊಂದನೆಯ ಹೆಸರು

ಕಳೆದ ಬೇಸಗೆಯ ರಜದಲ್ಲಿ ನನಗೊಂದು ಮುಖಭಂಗವಾಯಿತು. ಇಪ್ಪತ್ತೆಂಟು ವರ್ಷಗಳಿಂದ ಹುಡುಗರ ತಪ್ಪುಗಳ ಮೇಲೆ ಕೆಂಪು ಮಸಿ ಎಳೆಯುತ್ತ ಬಂದವನು ನಾನು. ನನ್ನದೇ ಬರಹವನ್ನು ಊರು ಹೆಸರು ತಿಳಿಯದವರು ಯಾರೋ ಒಂದು ಗಂಟೆಯೊಳಗೆ ಅಳಿಸಿಹಾಕಿದರು. ಅಳಿಸಿದ್ದಕ್ಕೆ ಕಾರಣವನ್ನೂ ಬರೆದಿದ್ದರು. ಒಂದೇ ಮಾತು: ‘ಆಧಾರ?’

ನಡೆದದ್ದು ಇಷ್ಟು. ನಮ್ಮ ಸೀಮೆಯಿಂದ ಆಯ್ಕೆಯಾಗಿ ಬಹುಕಾಲ ವಿಧಾನಸಭೆಯಲ್ಲಿದ್ದು, ಈಗ ಕೀರ್ತಿಶೇಷರಾಗಿರುವ ಹಿರಿಯರೊಬ್ಬರ ಜೀವನಚರಿತ್ರೆ ಕನ್ನಡ ವಿಕಿಪೀಡಿಯದಲ್ಲಿದೆ. ಅದರಲ್ಲಿ ಅವರ ಜನನದ ವರ್ಷ ತಪ್ಪಾಗಿದೆಯೆಂದು ನನಗೆ ತೋರಿತು. ಸರಿಯಾದ ವರ್ಷವನ್ನು ನಾನು ಅವರ ಬಾಯಿಂದಲೇ ಕೇಳಿದ್ದೆ. ತಿದ್ದಿದೆ, ಹೋಯಿತು. ಮತ್ತೆ ತಿದ್ದಿದೆ, ಮತ್ತೆ ಹೋಯಿತು. ಆ ದಿನ ರಾತ್ರಿ ಊಟ ರುಚಿಸಲಿಲ್ಲವೆಂದು ಹೇಳಿದರೆ ನೀವು ನಕ್ಕೀರಿ.

ವಿಕಿಪೀಡಿಯವೆಂಬುದು ಅಂತರಜಾಲದಲ್ಲಿರುವ ವಿಶ್ವಕೋಶ. ಇಂಗ್ಲಿಷಿನಲ್ಲಿ ಅದು ಮೊದಲಾದದ್ದು ೨೦೦೧ರ ಜನವರಿ ೧೫ರಂದು, ಕನ್ನಡದಲ್ಲಿ ೨೦೦೩ರಲ್ಲಿ. ಮಿಕ್ಕ ವಿಶ್ವಕೋಶಗಳಿಗೆ ಸಂಪಾದಕ ಮಂಡಲಿ ಉಂಟು, ವಿದ್ವಾಂಸರ ಪಟ್ಟಿ ಉಂಟು. ಇದಕ್ಕೆ ಅಂಥದೇನೂ ಇಲ್ಲ. ಓದುವವನೇ ಬರೆಯಬಹುದು, ಬರೆದುದನ್ನು ಇನ್ನೊಬ್ಬ ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬ ಹಿಂದಕ್ಕೆ ತಿರುಗಿಸಬಹುದು. ಇದನ್ನು ಕೇಳಿದ ಕೂಡಲೆ ನಮ್ಮಂಥ ಪಂಡಿತ ವರ್ಗದವರಿಗೆ ಓಲೆಗರಿಯ ಕಾಲದ ಲಿಪಿಕಾರರು ನೆನಪಾಗುತ್ತಾರೆ. ಪ್ರತಿ ಮಾಡುವವನಿಗೆ ನಿದ್ದೆ ಬಂದರೆ ಒಂದು ಸಾಲು ಹಾರಿಹೋಗುತ್ತಿತ್ತು. ಕವಿತ್ವ ಬಂದರೆ ನಾಲ್ಕು ಪದ್ಯ ಹೆಚ್ಚುತ್ತಿತ್ತು. ಮೊದಲನೆಯದು ಪ್ರಮಾದ, ಎರಡನೆಯದು ಪ್ರಕ್ಷೇಪ. ಹೀಗೆ ಬೆಳೆದ ಮಹಾಭಾರತದ ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಪಾಠಶೋಧನೆ ಮಾಡಲು ಪುಣೆಯ ಭಂಡಾರಕರ್ ಸಂಸ್ಥೆಯವರು ೧೯೧೯ರಲ್ಲಿ ತೊಡಗಿದರು, ಮುಗಿದದ್ದು ೧೯೬೬ರಲ್ಲಿ. ಪ್ರಕ್ಷೇಪ ಮಾಡಿದವನು ತನ್ನ ಹೆಸರನ್ನಾಗಲಿ ದಿನವನ್ನಾಗಲಿ ಅಂಚಿನಲ್ಲಿ ಬರೆದಿಟ್ಟಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ವಿಕಿಪೀಡಿಯದಲ್ಲಿ ಆ ಅಂಚು ಇದೆ. ಪ್ರತಿಯೊಂದು ಲೇಖನದ ಬೆನ್ನಿಗೂ ‘ಇತಿಹಾಸ’ವೆಂಬ ಪುಟ. ಯಾವ ದಿನ, ಎಷ್ಟು ಗಂಟೆಗೆ, ಯಾವ ಬಳಕೆದಾರ ಯಾವ ಅಕ್ಷರ ಸೇರಿಸಿದ, ಯಾವುದನ್ನು ತೆಗೆದ ಎಂಬುದೆಲ್ಲ ಅಲ್ಲಿ ನಮೂದಾಗಿರುತ್ತದೆ. ಪಕ್ಕದಲ್ಲಿ ‘ಚರ್ಚೆ’ಯ ಪುಟ, ಜಗಳವೆಲ್ಲ ಅಲ್ಲಿ. ರಾಜಕೀಯ ಮುಂದಾಳುಗಳ ಚರಿತ್ರೆಯಾದರಂತೂ ಈ ಎರಡು ಪುಟಗಳು ಲೇಖನಕ್ಕಿಂತ ದೊಡ್ಡವಾಗಿ ಬೆಳೆಯುವುದುಂಟು. ಭಕ್ತನೊಬ್ಬ ಬಂದು ‘ಧೀಮಂತ’ ಎಂದು ಸೇರಿಸುತ್ತಾನೆ. ವೈರಿಯೊಬ್ಬ ಬಂದು ಅದನ್ನು ಕಿತ್ತು ಒಂದು ಮೊಕದ್ದಮೆಯನ್ನು ಅಂಟಿಸುತ್ತಾನೆ. ಗಲಭೆ ಮಿತಿಮೀರಿದರೆ ಹೊಸಬರು ಕೈಹಾಕದಂತೆ ಆ ಪುಟಕ್ಕೆ ಅಗುಳಿ ಹಾಕುವ ಏರ್ಪಾಡೂ ಇದೆ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನಾನು ಕಿವಿಯಾರೆ ಕೇಳಿದ್ದು ಆಧಾರವಲ್ಲವೆ? ಅಲ್ಲವಂತೆ. ನಮ್ಮ ತರ್ಕಶಾಸ್ತ್ರದಲ್ಲಿ ಪ್ರಮಾಣಗಳ ಪೈಕಿ ಪ್ರತ್ಯಕ್ಷಕ್ಕೇ ಅಗ್ರಪೂಜೆ. ಈ ವಿಶ್ವಕೋಶದಲ್ಲಿ ಪ್ರತ್ಯಕ್ಷಕ್ಕೆ ಮಣೆಯಿಲ್ಲ, ಅನುಮಾನಕ್ಕೂ ಇಲ್ಲ. ಶಬ್ದವೊಂದೇ ಪ್ರಮಾಣ, ಅದೂ ಬೇರೆ ಯಾರೋ ನಂಬತಕ್ಕವರು ಮೊದಲೇ ಪ್ರಕಟಿಸಿರುವ ಶಬ್ದ. ಮೂಲವಿಲ್ಲದ್ದನ್ನು ಬರೆಯೆನೆಂದು ಮಲ್ಲಿನಾಥ ತನ್ನ ವ್ಯಾಖ್ಯಾನಗಳ ಮೊದಲಲ್ಲಿ ಪ್ರತಿಜ್ಞೆ ಮಾಡಿದನಲ್ಲ, ಆ ಪ್ರತಿಜ್ಞೆಯನ್ನೇ ಇವರು ಕಾನೂನು ಮಾಡಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ಮೂಲವೇ ಈ ಕೋಶದ ನೀರು ಕುಡಿದು ಬೆಳೆದದ್ದಾದರೆ?

ಹಾಗೂ ಆಗಿದೆ. ೨೦೦೯ರ ಫೆಬ್ರವರಿಯ ಮಾತು. ಜರ್ಮನಿಯಲ್ಲಿ ಅರ್ಥಶಾಖೆಯ ಮಂತ್ರಿ ಇದ್ದಕ್ಕಿದ್ದಂತೆ ಪದವಿ ಬಿಟ್ಟರು. ಆ ಸ್ಥಾನಕ್ಕೆ ಮೂವತ್ತೇಳು ವರ್ಷದ ಗುಟ್ಟೆನ್‌ಬರ್ಗ್ ಎಂಬ ತರುಣರು ಬರುವರೆಂದಾಯಿತು. (ಅಚ್ಚಿನ ಮೊಳೆಗಳಿಂದ ಖ್ಯಾತನಾದ ಗುಟೆನ್‌ಬರ್ಗನಿಗೂ ಇವರಿಗೂ ಹೆಸರಿನ ಹೋಲಿಕೆ ಮಾತ್ರ.) ಇವರು ಹಳೆಯ ಪಾಳೆಯಗಾರ ಮನೆತನದವರು. ಅಂಥ ಮನೆಗಳಲ್ಲಿ ಮಗುವಿಗೆ ಹೆಸರಿಡುವುದೆಂದರೆ ನಮ್ಮ ಸಹಸ್ರನಾಮದ ತಮ್ಮನೆಂದೇ ಹೇಳಬೇಕು. ಕಾರ್ಲ್ ಥಿಯೊಡೋರ್ ಮರಿಯಾ ನಿಕೊಲಾಸ್ ಯೋಹಾನ್ ಯಾಕೋಬ್ ಫಿಲಿಪ್ ಫ್ರಾಂಜ್ ಯೋಸೆಫ್ ಸಿಲ್ವೆಸ್ಟರ್ — ಹತ್ತು ಹೆಸರು, ಆಮೇಲೆ ಮನೆತನದ ಬಿರುದು. ಜರ್ಮನ್ ವಿಕಿಪೀಡಿಯದಲ್ಲಿ ಈ ಪಟ್ಟಿಯನ್ನು ಕಂಡವನೊಬ್ಬನಿಗೆ ಕುಚೋದ್ಯ ಹುಟ್ಟಿತು. ಫೆಬ್ರವರಿ ೮ರ ಸಂಜೆ ಫಿಲಿಪ್ಪನಿಗೂ ಫ್ರಾಂಜನಿಗೂ ನಡುವೆ ‘ವಿಲ್ಹೆಲ್ಮ್’ ಎಂದೊಂದು ಹೆಸರು ತೂರಿಸಿದ. ಅಚ್ಚುಕಟ್ಟಾದ ಪ್ರಕ್ಷೇಪ, ಛಂದಸ್ಸು ಕೆಟ್ಟಿರಲಿಲ್ಲ!

ಮರುದಿನ ಪತ್ರಿಕೆಯವರಿಗೆ ಅವಸರ. ಹೊಸ ಮಂತ್ರಿಯ ಪೂರ್ಣ ಹೆಸರು ಬೇಕು. ಷ್ಪೀಗೆಲ್ ಪತ್ರಿಕೆಯ ಜಾಲತಾಣ ಹನ್ನೊಂದು ಹೆಸರು ಹಾಕಿತು. ದೇಶದಲ್ಲೇ ಹೆಚ್ಚು ಮಾರಾಟವಾಗುವ ಬಿಲ್ಡ್ ಪತ್ರಿಕೆ ಮುಖಪುಟದಲ್ಲಿ ದಪ್ಪಕ್ಷರಗಳಲ್ಲಿ ಹನ್ನೊಂದನ್ನೂ ಸಾಲಾಗಿ ಅಚ್ಚುಮಾಡಿತು. ಇತ್ತ ವಿಕಿಪೀಡಿಯದಲ್ಲಿ ಎಚ್ಚರವಾಗಿದ್ದವರು ಯಾರೋ ಶಂಕಿಸಿ ವಿಲ್ಹೆಲ್ಮನನ್ನು ಹೊರಗೆ ಹಾಕಿದ್ದರು. ಆಧಾರವೇನೆಂದು ಅಲ್ಲಿಯೂ ಅದೇ ಪ್ರಶ್ನೆ. ಆಧಾರಕ್ಕೇನು ಬರವೆ? ಷ್ಪೀಗೆಲ್ಲಿನಲ್ಲೇ ಇದೆಯಲ್ಲ! ಅಡಿಟಿಪ್ಪಣಿಯೊಡನೆ ವಿಲ್ಹೆಲ್ಮ್ ಗೌರವದಿಂದ ಒಳಗೆ ಬಂದ. ಪತ್ರಿಕೆಗೆ ವಿಶ್ವಕೋಶ ಮೂಲ, ವಿಶ್ವಕೋಶಕ್ಕೆ ಪತ್ರಿಕೆ ಮೂಲ. ದೇವದತ್ತನ ಮಾತಿಗೆ ಯಜ್ಞದತ್ತ ಸಾಕ್ಷಿ, ಯಜ್ಞದತ್ತನ ಮಾತಿಗೆ ದೇವದತ್ತ ಸಾಕ್ಷಿ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಕರೆದರು. ತೂರಿಸಿದವನೇ ಫೆಬ್ರವರಿ ೧೦ರಂದು, ಹೆಸರು ಮರೆಸಿಕೊಂಡು, ನಡೆದದ್ದನ್ನು ಒಪ್ಪಿಕೊಂಡು ಬರೆದುದರಿಂದ ಗುಟ್ಟು ಬಯಲಾಯಿತು. ಅವನು ಸುಮ್ಮನಿದ್ದಿದ್ದರೆ ಎಂದು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಈ ಗೊಂದಲವನ್ನು ಒಂದು ಮಾತಿನಿಂದ ಮುಗಿಸಬಲ್ಲವರು ಒಬ್ಬರಿದ್ದರು, ಸ್ವತಃ ಗುಟ್ಟೆನ್‌ಬರ್ಗರು. ಅವರ ಪ್ರತ್ಯಕ್ಷಕ್ಕೆ ಬೆಲೆಯೆಷ್ಟು ಎಂಬುದನ್ನು ನಾನು ಆಗಲೇ ಹೇಳಿದ್ದೇನೆ.

ಒಂದು ಹೆಸರು ಹೆಚ್ಚಾದರೆ ಯಾರಿಗೇನು ನಷ್ಟವೆಂದು ನೀವು ಕೇಳಬಹುದು. ಹೆಸರಾದ್ದರಿಂದ ನಗೆಯಲ್ಲಿ ಮುಗಿಯಿತು. ಅಮೆರಿಕದಲ್ಲಿ ಜಾನ್ ಸೀಗೆಂಥಾಲರ್ ಎಂಬ ಹಿರಿಯ ಪತ್ರಕರ್ತರಿದ್ದರು; ಹಿಂದೆ ರಾಬರ್ಟ್ ಕೆನಡಿಯವರ ಬಳಿ ಕೆಲಸ ಮಾಡಿದ್ದವರು. ಕೆನಡಿ ಸೋದರರ ಕೊಲೆಯಲ್ಲಿ ಇವರಿಗೂ ಕೈವಾಡವಿತ್ತೆಂದು ಶಂಕೆಯಿತ್ತು ಎಂಬ ಶುದ್ಧ ಸುಳ್ಳು ೨೦೦೫ರಲ್ಲಿ ಇವರ ಚರಿತ್ರೆಯೊಳಗೆ ಸೇರಿ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ತಾವು ಪ್ರೀತಿಸಿದ ಯಜಮಾನನ ಕೊಲೆಯ ಆರೋಪವನ್ನು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಓದಬೇಕಾಯಿತು. ಬದುಕಿರುವವರ ಚರಿತ್ರೆಗೆ ಬೇರೆಯೇ ಬಿಗಿಯಾದ ನಿಯಮ ಬಂದದ್ದು ಇದಾದ ಮೇಲೆ.

ಗುಟ್ಟೆನ್‌ಬರ್ಗರ ಕಥೆಗೆ ಉತ್ತರಭಾಗವೊಂದಿದೆ. ಅದನ್ನು ಹೇಳದೆ ಬಿಟ್ಟರೆ ಹತ್ತು ಕೈಗಳ ಬರಹಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ೨೦೧೧ರ ಹೊತ್ತಿಗೆ ಅವರು ರಕ್ಷಣಾ ಮಂತ್ರಿ, ಜನಪ್ರಿಯ ಮುಂದಾಳು. ಬೈರಾಯ್ಟ್ ವಿಶ್ವವಿದ್ಯಾನಿಲಯದಿಂದ ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದವರು. ಬ್ರೆಮೆನ್ನಿನ ಪ್ರಾಧ್ಯಾಪಕರೊಬ್ಬರು ಆ ಪ್ರಬಂಧವನ್ನು ಓದುತ್ತಿದ್ದಾಗ ಪರರ ವಾಕ್ಯಗಳು ಉದ್ಧರಣ ಚಿಹ್ನೆಯಿಲ್ಲದೆ ಕುಳಿತಿರುವುದು ಕಂಡಿತು. ಫೆಬ್ರವರಿ ನಡುವಿನಲ್ಲಿ ಸುದ್ದಿ ಹೊರಬಿದ್ದಿತು. ಒಡನೆಯೇ ಹೆಸರಿಲ್ಲದ ನೂರಾರು ಮಂದಿ ವಿಕಿಪೀಡಿಯದ ಮಾದರಿಯಲ್ಲೇ ಒಂದು ತಾಣ ಕಟ್ಟಿ, ಪುಟ ಹಂಚಿಕೊಂಡು, ಮೂಲ ಯಾವುದು ಕದ್ದ ಪಾಠ ಯಾವುದು ಎಂದು ಎದುರುಬದುರು ಇಟ್ಟು ತೋರಿಸತೊಡಗಿದರು. ಭಂಡಾರಕರ್ ಸಂಸ್ಥೆಯವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಪೀಠಿಕೆಯ ಮೊದಲ ವಾಕ್ಯಗಳೇ ಒಂದು ದಿನಪತ್ರಿಕೆಯ ಲೇಖನದಿಂದ ಬಂದವು. ಕಡೆಯ ಎಣಿಕೆಯಲ್ಲಿ ೩೯೩ ಪುಟಗಳ ಪೈಕಿ ೩೭೧ರಲ್ಲಿ ಪರಸ್ವ ಸಿಕ್ಕಿತು. ಫೆಬ್ರವರಿ ೨೩ರಂದು ವಿಶ್ವವಿದ್ಯಾನಿಲಯ ಪದವಿಯನ್ನು ಹಿಂತೆಗೆದುಕೊಂಡಿತು. ಮಾರ್ಚ್ ೧ರಂದು ಮಂತ್ರಿ ಪದವಿಯೂ ಹೋಯಿತು. ಅವರ ಜೀವನಚರಿತ್ರೆಯಲ್ಲಿ ಎರಡು ವರ್ಷದ ಹಿಂದೆ ಇಲ್ಲದ ಹೆಸರೊಂದು ಸೇರಿದ್ದರೆ, ಈಗ ಇದ್ದ ‘ಡಾಕ್ಟರ್’ ಕಳಚಿಬಿದ್ದಿತು. ಸೇರಿಸಿದವನಿಗೆ ಮೂಲವಿರಲಿಲ್ಲ, ಕಳಚಿದವರು ಸಾಲು ಸಾಲಿಗೂ ಮೂಲವನ್ನು ಎದುರಿಗಿಟ್ಟಿದ್ದರು. ಹೆಸರು ಮರೆಸಿಕೊಂಡದ್ದು ಇಬ್ಬರೂ ಹೌದು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಆಧಾರ ಕೇಳಿದ್ದಾರೆ, ಹುಡುಕಿಕೊಡೋಣವೆಂದು ನಮ್ಮ ಹಿರಿಯರ ಹುಟ್ಟೂರಿಗೆ ಹೋದೆ. ಅಲ್ಲಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಪರಿಚಿತರು. ಧೂಳು ಕೊಡವಿ ಹಳೆಯ ದಾಖಲಾತಿ ಪುಸ್ತಕ ತೆಗೆದರು. ಹೆಸರಿದೆ, ತಂದೆಯ ಹೆಸರಿದೆ, ಜನ್ಮದಿನ ಜೂನ್ ೧. ನೋಡಿ ನಾವಿಬ್ಬರೂ ನಕ್ಕುಬಿಟ್ಟೆವು. ಅದೇ ಪುಟದಲ್ಲಿ ಇನ್ನೂ ಹನ್ನೊಂದು ಮಕ್ಕಳು ಜೂನ್ ೧ರಂದೇ ಹುಟ್ಟಿದ್ದರು! ತಂದೆತಾಯಿಗಳಿಗೆ ತಿಥಿ ಗೊತ್ತು, ತಾರೀಕು ಗೊತ್ತಿಲ್ಲ. ಶಾಲೆ ಸೇರಲು ವಯಸ್ಸು ಕೂಡಿಬರಬೇಕು. ಮೇಷ್ಟರು ಮಗುವಿನ ಎತ್ತರ ನೋಡಿ ಒಂದು ವರ್ಷ ಬರೆದುಕೊಳ್ಳುತ್ತಿದ್ದರು. ನನ್ನ ಸ್ವಂತ ಜನ್ಮದಿನವೂ ಇಂಥದೇ ಒಬ್ಬ ಮೇಷ್ಟರ ಕೃಪೆ. ನಾನೂ ಆ ಕುಲದವನೇ ಆದ್ದರಿಂದ ಅವರನ್ನು ದೂಷಿಸಲಾರೆ.

ಅವರ ಅಭಿನಂದನ ಗ್ರಂಥದಲ್ಲಿ ಬೇರೆ ವರ್ಷವಿದೆ, ವಿಕಿಪೀಡಿಯದವರು ಹಾಕಿರುವುದು ಅದನ್ನೇ. ನಾನು ಅವರ ಬಾಯಿಂದ ಕೇಳಿದ್ದು ಮೂರನೆಯದು. ಮೂರನ್ನೂ, ಯಾವುದು ಎಲ್ಲಿಂದ ಬಂದಿತೆಂಬುದನ್ನೂ ಚರ್ಚೆಯ ಪುಟದಲ್ಲಿ ಬರೆದಿಟ್ಟೆ, ಲೇಖನವನ್ನು ಮುಟ್ಟಲಿಲ್ಲ. ಮೊದಲು ಅಳಿಸಿದ್ದ ಅದೇ ಅಪರಿಚಿತರು ಎರಡು ದಿನಗಳ ಮೇಲೆ ಕೆಳಗೆ ಉತ್ತರ ಬರೆದರು. ನಮಸ್ಕಾರ ತಿಳಿಸಿ, ಇನ್ನೊಂದು ದಾಖಲೆ ಸಿಕ್ಕುವವರೆಗೆ ಕಾಯೋಣವೆಂದಿದ್ದರು. ಕಾಗುಣಿತ ಶುದ್ಧವಾಗಿತ್ತು. ಹಿರಿಯರ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಜಾತಕವೊಂದು ಇರಬೇಕೆಂದು ಅವರ ಸೊಸೆ ಹೇಳಿದ್ದಾರೆ. ದಸರೆಯ ರಜದಲ್ಲಿ ಹೋಗಿ ನೋಡಬೇಕೆಂದಿದ್ದೇನೆ.