ಎಸ್ಟೋನಿಯಾದ ಸಿನಿಮಾ, ಸಂಗೀತ: ಹೊಸಬರಿಗೊಂದು ದಾರಿ

ಎಸ್ಟೋನಿಯಾದ ಸಿನಿಮಾ ಎಂದರೆ ಹೊರದೇಶಗಳಲ್ಲಿ ಮೊದಲು ಕೇಳಿಬರುವ ಹೆಸರು 2013ರ ‘ಟ್ಯಾಂಜರೀನ್ಸ್’. ಆಸ್ಕರ್‌ನ ವಿದೇಶಿ ಭಾಷಾ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಆ ದೇಶದ ಮೊದಲ ಚಿತ್ರವಿದು. ಕಥೆ ನಡೆಯುವುದು 1992ರ ಅಬ್ಖಾಜಿಯಾ ಯುದ್ಧದ ನಡುವೆ. ಝಾರ್ ದೊರೆಗಳ ಕಾಲದಲ್ಲಿ ಅಲ್ಲಿಗೆ ವಲಸೆ ಹೋಗಿ ನೆಲೆಸಿದ್ದ ಎಸ್ಟೋನಿಯನ್ನರ ಹಳ್ಳಿಯೊಂದು ಬಹುತೇಕ ಖಾಲಿಯಾಗಿದೆ. ಉಳಿದವರಲ್ಲಿ ಒಬ್ಬ, ಮುದುಕ ಇವೊ, ಕಿತ್ತಳೆ ತುಂಬಲು ಮರದ ಪೆಟ್ಟಿಗೆ ಮಾಡುತ್ತಿದ್ದಾನೆ; ನೆರೆಮನೆಯ ಮಾರ್ಗುಸ್‌ನ ತೋಟದಲ್ಲಿ ಫಸಲು ಕೊಯ್ಲಿಗೆ ಬಂದಿದೆ. ಗಾಯಗೊಂಡ ಇಬ್ಬರು ಶತ್ರುಗಳು, ಒಬ್ಬ ಚೆಚೆನ್, ಇನ್ನೊಬ್ಬ ಜಾರ್ಜಿಯನ್, ಇವೊನ ಮನೆಯಲ್ಲೇ ಆರೈಕೆ ಪಡೆಯುತ್ತಾರೆ. ತನ್ನ ಸೂರಿನ ಕೆಳಗೆ ಕೊಲೆ ನಡೆಯಕೂಡದೆಂದು ಮುದುಕ ಅವರಿಂದ ಮಾತು ತೆಗೆದುಕೊಳ್ಳುತ್ತಾನೆ. ಇವೊನ ಪಾತ್ರದಲ್ಲಿ ದನಿ ಏರಿಸದೆಯೇ ಇಡೀ ಚಿತ್ರವನ್ನು ಹೊತ್ತು ನಡೆಸುವ ಲೆಂಬಿತ್ ಉಲ್ಫ್ಸಾಕ್ ಅವರ ಅಭಿನಯಕ್ಕಾದರೂ ಇದನ್ನು ನೋಡಬೇಕು. ಆದರೆ ನಿರ್ದೇಶಕ ಝಾಝಾ ಉರುಶಾಡ್ಜೆ ಜಾರ್ಜಿಯಾದವರು, ಚಿತ್ರೀಕರಣ ನಡೆದದ್ದೂ ಅಲ್ಲೇ, ಸಂಭಾಷಣೆ ಬಹುಪಾಲು ರಷ್ಯನ್ ಭಾಷೆಯದು. ಒಳ್ಳೆಯ ಚಿತ್ರ ಹೌದು. ಎಸ್ಟೋನಿಯಾದ ಮಣ್ಣನ್ನು ಮಾತ್ರ ಬೇರೆ ಕಡೆ ಹುಡುಕಬೇಕು.

ಅದು ಸಿಗುವುದು ಅರ್ವೊ ಕ್ರೂಸೆಮೆಂಟ್ ಅವರ 1969ರ ಕಪ್ಪು-ಬಿಳುಪು ಚಿತ್ರ ‘ಕೆವದೆ’ಯಲ್ಲಿ. ಓಸ್ಕರ್ ಲುಟ್ಸ್ ಅವರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ ಹಳ್ಳಿಶಾಲೆಯ ಮಕ್ಕಳ ತುಂಟತನ, ಮೊದಲ ಪ್ರೀತಿ, ಜರ್ಮನ್ ಹುಡುಗರ ತೆಪ್ಪ ಮುಳುಗಿಸಿದ ಪ್ರಕರಣ ಎಲ್ಲವೂ ಉಂಟು. ಎಸ್ಟೋನಿಯಾದ ಮನೆಮನೆಗೂ ಗೊತ್ತಿರುವ ಚಿತ್ರವಿದು.

ಇದಕ್ಕಿಂತ ಆಳಕ್ಕೆ ಇಳಿಯುವುದು ರೈನರ್ ಸಾರ್ನೆಟ್ ಅವರ ‘ನವೆಂಬರ್’ (2017). ಆಂಡ್ರುಸ್ ಕಿವಿರಾಹ್ಕ್ ಅವರ ಕಾದಂಬರಿ ಇದಕ್ಕೆ ಮೂಲ. ಕೋಲು, ಹಳೆಯ ಸಲಕರಣೆ, ತಲೆಬುರುಡೆ ಸೇರಿಸಿ ಕಟ್ಟಿದ ‘ಕ್ರಾಟ್’ ಎಂಬ ಜೀವಿ ಆರಂಭದಲ್ಲೇ ಹಸುವೊಂದನ್ನು ಕದ್ದು ಆಕಾಶಮಾರ್ಗವಾಗಿ ಒಡೆಯನಿಗೆ ತಂದೊಪ್ಪಿಸುತ್ತದೆ. ಕ್ರಾಟ್‌ಗೆ ಜೀವ ಬರಬೇಕಾದರೆ ಒಡೆಯ ಸೈತಾನನಿಗೆ ಮೂರು ಹನಿ ರಕ್ತ ಕೊಡಬೇಕು. ಬಡ ರೈತರು ರಕ್ತದ ಬದಲು ಹಣ್ಣಿನ ರಸ ಹಿಂಡಿ ಸೈತಾನನಿಗೇ ಟೋಪಿ ಹಾಕುತ್ತಾರೆ. ಕ್ರಾಟ್‌ಗೆ ಬಿಡುವಿಲ್ಲದೆ ಕೆಲಸ ಕೊಡುತ್ತಲೇ ಇರಬೇಕು. ರೊಟ್ಟಿಯಿಂದ ಏಣಿ ಮಾಡು ಎಂಬಂಥ ಆಗದ ಕೆಲಸ ಹೇಳಿದರೆ ಅದು ಹೊತ್ತಿ ಉರಿಯುತ್ತದೆ. ಜರ್ಮನ್ ಜಮೀನ್ದಾರರ ಕೈಕೆಳಗೆ ಜೀತದಂತೆ ಬದುಕಿದ ಜನರ ಕಳ್ಳತನ, ಹಸಿವು, ಕುಹಕ ಈ ಕಥೆಯಲ್ಲಿ ಬೆರೆತಿವೆ. ಮಾರ್ಟ್ ತಾನಿಯೆಲ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಕಣ್ಣು ಕೀಳಲು ಬಿಡುವುದಿಲ್ಲ. ಕಥೆಯ ಎಳೆ ಅಲ್ಲಲ್ಲಿ ತಪ್ಪಿದಂತಾದರೂ ಒಂದೇ ಒಂದು ಚಿತ್ರ ನೋಡಲು ಪುರುಸೊತ್ತಿರುವವರಿಗೆ ಸೂಚಿಸಬೇಕಾದದ್ದು ಇದನ್ನೇ.

ಸಾಕ್ಷ್ಯಚಿತ್ರಗಳಲ್ಲಿ ಎರಡು ಸಾಕು. ಯಾಕ್ ಕಿಲ್ಮಿ ಅವರ ‘ಡಿಸ್ಕೊ ಅಂಡ್ ಅಟಾಮಿಕ್ ವಾರ್’ (2009), ಫಿನ್ಲೆಂಡಿನ ಟಿ.ವಿ. ಪ್ರಸಾರ ಕೊಲ್ಲಿ ದಾಟಿ ರಾಜಧಾನಿ ಟ್ಯಾಲಿನ್ನಿನ ಆಂಟೆನಾಗಳಿಗೆ ಸಿಕ್ಕು ಸೋವಿಯತ್ ಆಡಳಿತದ ನಿದ್ದೆ ಕೆಡಿಸಿದ ಕಥೆ. ನಟರಿಂದ ಮರುಸೃಷ್ಟಿಸಿದ ದೃಶ್ಯಗಳೂ ನಿರೂಪಕನ ಚೇಷ್ಟೆಯೂ ಬೆರೆತಿರುವುದರಿಂದ ಇದರಲ್ಲಿ ಹೇಳಿದ್ದನ್ನೆಲ್ಲ ಇತಿಹಾಸವೆಂದು ಒಪ್ಪಬೇಕಿಲ್ಲ. ಆನ್ನಾ ಹಿಂಟ್ಸ್ ಅವರ ‘ಸ್ಮೋಕ್ ಸೌನಾ ಸಿಸ್ಟರ್‌ಹುಡ್’ (2023) ಬೇರೆಯೇ ಬಗೆಯದು. ಸನ್‌ಡಾನ್ಸ್ ಉತ್ಸವದಲ್ಲಿ ಇದಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ದಕ್ಷಿಣದ ವೋರು ಸೀಮೆಯ ಹೊಗೆ-ಸೌನಾಕ್ಕೆ, ಅಂದರೆ ಬಿಸಿಹಬೆ ಸ್ನಾನದ ಕೋಣೆಗೆ, ಚಿಮಣಿ ಇರುವುದಿಲ್ಲ. ಒಲೆಯ ಕಲ್ಲುಗಳನ್ನು ಗಂಟೆಗಟ್ಟಲೆ ಕಾಯಿಸಿ, ಕೋಣೆ ತುಂಬಿದ ಹೊಗೆಯನ್ನು ಹೊರಬಿಟ್ಟ ಮೇಲಷ್ಟೇ ಜನ ಒಳಹೋಗುತ್ತಾರೆ. ಯುನೆಸ್ಕೊ 2014ರಲ್ಲಿ ಈ ಸಂಪ್ರದಾಯವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮಸಿಹಿಡಿದ ಗೋಡೆಗಳ ನಡುವೆ ಹೆಂಗಸರು ಬೇರೆಲ್ಲೂ ಆಡದ ಮಾತುಗಳನ್ನು ಆಡುತ್ತಾರೆ. ಕ್ಯಾಮೆರಾ ಎಷ್ಟೋ ಸಲ ಮಾತಾಡುವವರ ಮುಖ ಬಿಟ್ಟು ಕೇಳುವವರ ಬೆನ್ನು, ಭುಜ, ಕೈಗಳ ಮೇಲೆ ನಿಲ್ಲುತ್ತದೆ.

ಸಂಗೀತದಲ್ಲಿ ಸಂಯೋಜಕ ಅರ್ವೊ ಪ್ಯಾರ್ಟ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1935ರಲ್ಲಿ ಹುಟ್ಟಿದ ಇವರು 1980ರಲ್ಲಿ ದೇಶ ಬಿಟ್ಟರು, ಆಮೇಲೆ ಮರಳಿದರು. ಇವರ ‘ಶ್ಪೀಗೆಲ್ ಇಮ್ ಶ್ಪೀಗೆಲ್’ ಕೃತಿ ಜಾಹೀರಾತು, ಸಿನಿಮಾಗಳಲ್ಲೆಲ್ಲ ಕೇಳಿ ಕೇಳಿ ಸವೆದಿದೆ. ಇಸಿಎಮ್ ಎಂಬ ಧ್ವನಿಮುದ್ರಣ ಸಂಸ್ಥೆ 1984ರಲ್ಲಿ ಹೊರತಂದ ‘ತಾಬುಲಾ ರಾಸಾ’ ಧ್ವನಿಮುದ್ರಿಕೆಯಿಂದ ಶುರು ಮಾಡುವುದು ಮೇಲು. ಗಿಡೊನ್ ಕ್ರೇಮರ್ ಅವರ ಪಿಟೀಲು, ಜಾಝ್ ಪಿಯಾನೊವಾದಕ ಕೀತ್ ಜ್ಯಾರೆಟ್ ಅವರ ಜೊತೆಗಾರಿಕೆ ಒಂದೇ ತಟ್ಟೆಯಲ್ಲಿವೆ. ಕೆಲವೇ ಸ್ವರಗಳು, ಉದ್ದದ ಮೌನ, ಗಂಟೆಯ ನಾದದಂಥ ಮರುಕಳಿಕೆ: ಇಷ್ಟರಲ್ಲೇ ಇವರ ಕಟ್ಟಡ ನಿಲ್ಲುತ್ತದೆ.

ಪ್ಯಾರ್ಟ್ ಅವರ ಖ್ಯಾತಿಯ ನೆರಳಿನಲ್ಲಿ ಉಳಿದ ವೆಲ್ಯೊ ಟೋರ್ಮಿಸ್ (1930–2017) ಎಸ್ಟೋನಿಯಾದ ಬೇರಿಗೆ ಇನ್ನೂ ಹತ್ತಿರ. ‘ರೆಗಿಲೌಲ್’ ಎಂಬ ಪ್ರಾಚೀನ ಜನಪದ ಹಾಡುಗಾರಿಕೆಯಲ್ಲಿ ಮುಖ್ಯ ಗಾಯಕಿ ಸಾಲು ಎತ್ತಿಕೊಟ್ಟರೆ ಉಳಿದವರು ಸಾಲಿನ ಕೊನೆಗೆ ದನಿಗೂಡಿಸಿ ಅದನ್ನೇ ಮತ್ತೆ ಹಾಡುತ್ತಾರೆ. ಟೋರ್ಮಿಸ್ ಈ ಮಟ್ಟುಗಳನ್ನು ಅಲಂಕರಿಸಲು ಹೋಗದೆ ಮೇಳಗಾನಕ್ಕೆ ತಂದರು. 1972ರ ‘ರೌವಾ ನೇಡ್ಮಿನೆ’ ಕಬ್ಬಿಣಕ್ಕೆ ಹಾಕುವ ಶಾಪ. ಒಂದೇ ಒಂದು ಮಾಂತ್ರಿಕನ ಡೋಲು, ಅದರ ಮೇಲೆ ಪಿಸುಗುಟ್ಟಿ ಚೀರುವ ಗಾಯಕರು. ಕಬ್ಬಿಣದ ಹುಟ್ಟಿನ ಪುರಾಣ ಆಧುನಿಕ ಆಯುಧಗಳವರೆಗೆ ಬರುತ್ತದೆ. ಫಿನ್ನಿಕ್ ಬಳಗದ ಅಳಿವಿನಂಚಿನ ಜನಾಂಗಗಳ ಹಾಡುಗಳನ್ನು ಆಧರಿಸಿದ ‘ಫರ್ಗಾಟನ್ ಪೀಪಲ್ಸ್’ ಗೀತಮಾಲೆಯನ್ನು ತೋನು ಕಲ್ಯುಸ್ಟೆ ನಿರ್ದೇಶನದಲ್ಲಿ ಎಸ್ಟೋನಿಯನ್ ಫಿಲ್ಹಾರ್ಮೋನಿಕ್ ಚೇಂಬರ್ ಕಾಯರ್ ಹಾಡಿದ ಧ್ವನಿಮುದ್ರಣವೂ ಇಸಿಎಮ್‌ನದೇ. ಒಂದೇ ಕೂತಿಗೆ ಕೇಳಿ ಮುಗಿಸುವಷ್ಟು ಹಗುರವಲ್ಲ. ಒಂದೊಂದೇ ಜನಾಂಗದ ಹಾಡನ್ನು ಬೇರೆ ಬೇರೆಯಾಗಿ ಕೇಳಬಹುದು.

ಈ ಧಾಟಿ ಇಂದು ಹೇಗೆ ಮುಂದುವರಿದಿದೆ ಎಂದು ತಿಳಿಯಬೇಕಾದರೆ ವೋರು ನುಡಿಯಲ್ಲಿ ಹಾಡುವ ಮರಿ ಕಲ್ಕುನ್ ಅವರ ‘ಸ್ಟೋನಿಯಾ ಲೋದ್’ (2023) ಇದೆ. ಕನ್ನೆಲ್ ಎಂಬ ತಂತಿವಾದ್ಯ ಅವರ ದನಿಗೆ ಜೊತೆಯಾಗಿರುತ್ತದೆ.