ಹೆಂಗೆ ಗೊತ್ತಿತ್ತು, ಯಾಕೆ ಗೊತ್ತಿರಲಿಲ್ಲ
(ವಿದ್ಯಾರ್ಥಿನಿಲಯದ ಸಭೆಯೊಂದರಲ್ಲಿ ಆಡಿದ ಮಾತು)



ನನಗೆ ಕೊಟ್ಟ ವಿಷಯ ‘ಜ್ಞಾನ ಮತ್ತು ಆರ್ಥಿಕ ಅಭಿವೃದ್ಧಿ’. ನಾನು ಅರ್ಥಶಾಸ್ತ್ರದವನಲ್ಲ. ಬಿ.ಎ. ಓದಿ ಪದ್ಯ ಬರಕೊಂಡಿರೋನು. ಅದಕ್ಕೆ ನನಗೆ ಹತ್ತಿರದಿಂದ ಗೊತ್ತಿರೋ ಒಂದೇ ಒಂದು ಕಸುಬಿನ ಮೇಲೆ ಮಾತಾಡ್ತೀನಿ. ನಮ್ಮ ಹಟ್ಟಿಯ ಕಸುಬು, ತೊಗಲು ಹದ ಮಾಡೋದು. ಮೂಗು ಮುಚ್ಚಿಕೊಳ್ಳೋರು ಈಗಲೇ ಮುಚ್ಚಿಕೊಳ್ಳಬಹುದು.

ನಮ್ಮ ತಾತ ಪ್ರಾಯದಲ್ಲಿ ಈ ಕೆಲಸ ಮಾಡಿದವನು. ಅಕ್ಷರ ಬರೋದಿಲ್ಲ. ಸುಣ್ಣದ ನೀರಲ್ಲಿ ನೆಂದ ತೊಗಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಕೂದಲು ಬಿಡೋದಕ್ಕೆ ಇನ್ನೊಂದು ದಿನ ಬೇಕು ಅನ್ನೋನಂತೆ. ತಂಗಡಿ ಚಕ್ಕೆಯ ನೀರನ್ನು ನಾಲಿಗೆ ತುದಿಗೆ ಮುಟ್ಟಿಸಿ, ಒಗರು ಸಾಲದು ಅನ್ನೋನಂತೆ. ನಾನು ಡಿಗ್ರಿ ಮುಗಿಸಿ ಊರಿಗೆ ಹೋದಾಗ ಅವನು ನನ್ನನ್ನು ಕೂರಿಸಿಕೊಂಡು ಕೇಳಿದ: ‘ತಂಗಡಿ ಆದಮೇಲೆ ಅಳಲೆಕಾಯಿ ನೀರು ಕುಡಿಸದಿದ್ರೆ ತೊಗಲು ಬಿಸಿಲಿಗೆ ಕೆಂಪಗಾಗ್ತದೆ. ಕುಡಿಸಿದ್ರೆ ಆಗಲ್ಲ. ಯಾಕೆ ಮಗಾ? ನಿನ್ನ ಪುಸ್ತಕದಾಗೆ ಬರೆದಿರಬೇಕಲ್ಲ.’

ನನ್ನ ಪುಸ್ತಕದಾಗೆ ಬರೆದಿರಲಿಲ್ಲ. ಬಿ.ಎ. ಪಾಸಾದವನು ತಲೆ ತಗ್ಗಿಸಿ ಕೂತೆ.

ಈ ‘ಹೆಂಗೆ’ ಮತ್ತು ‘ಯಾಕೆ’ ಅನ್ನೋ ಎರಡು ಮಾತನ್ನು ಹಿಡಕೊಳ್ಳಿ. 2025ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ಜೋಯೆಲ್ ಮೊಕಿರ್ ಒಬ್ಬರು, ಇತಿಹಾಸ ಬಲ್ಲವರು. ಅವರ ವಾದವನ್ನು ನಮ್ಮ ಮಾತಲ್ಲಿ ಹೇಳೋದಾದರೆ ಇಷ್ಟು: ಮಾಡೋದು ಹೆಂಗೆ ಅಂತ ಬಲ್ಲವರು ಎಲ್ಲ ದೇಶದಲ್ಲೂ, ಎಲ್ಲ ಕಾಲದಲ್ಲೂ ಇದ್ದರು. ಹಾಗೆ ಮಾಡಿದರೆ ಯಾಕೆ ಆಗುತ್ತೆ ಅನ್ನೋದು ತಿಳಿಯದೆ ಹೋದಲ್ಲಿ ಹೊಸ ಉಪಾಯಗಳು ಹುಟ್ಟಿ, ನಾಲ್ಕು ಹೆಜ್ಜೆ ನಡೆದು, ನಿಂತುಹೋದವು. ಹೆಂಗೆ ಬಲ್ಲವನೂ ಯಾಕೆ ಬಲ್ಲವನೂ ಕೂತು ಮಾತಾಡಿದ ಕಡೆ ಒಂದರ ಬೆನ್ನಿಗೆ ಇನ್ನೊಂದು ಹುಟ್ಟುತ್ತಲೇ ಹೋಯಿತು.

ಇಂಗ್ಲೆಂಡಿನಲ್ಲಿ ಅದು ನಡೆದದ್ದು ತೊಗಲಿನ ವಿಷಯದಲ್ಲೇ. ಹಂಫ್ರಿ ಡೇವಿ ಅನ್ನೋ ರಸಾಯನ ವಿಜ್ಞಾನಿ, ಮರ ಕೆತ್ತುವವನ ಮಗ. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವನಿಗೆ ತೊಗಲು ಹದದ ಬಗ್ಗೆ ಉಪನ್ಯಾಸ ಕೊಡು ಅಂತು. ಅವನು ಹದ ಮಾಡುವವರ ಕೆಲಸವನ್ನು ನೋಡಿದ, ಅವರು ಹೇಳಿದ್ದನ್ನು ಕೇಳಿದ, ಚಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಅದರಲ್ಲಿ ಬೊಂಬಾಯಿ, ಬಂಗಾಳದಿಂದ ಹೋದ ಕಾಚೂ ಇತ್ತು, ನಾವು ಎಲೆಅಡಿಕೆಗೆ ಹಾಕೋ ಅದೇ ಕಾಚು. 1803ರಲ್ಲಿ ಎಲ್ಲವನ್ನೂ ರಾಯಲ್ ಸೊಸೈಟಿಯಲ್ಲಿ ಅಚ್ಚು ಹಾಕಿಸಿದ. ಅಚ್ಚಾದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಇದೇ ಡೇವಿಯ ಉಪನ್ಯಾಸಗಳನ್ನು 1812ರಲ್ಲಿ, ಗಿರಾಕಿಯೊಬ್ಬ ಕೊಟ್ಟ ಟಿಕೇಟಿನಲ್ಲಿ, ಒಬ್ಬ ಕಮ್ಮಾರನ ಮಗ ಕೇಳಿದ. ಪುಸ್ತಕಕ್ಕೆ ರಟ್ಟು ಕಟ್ಟೋ ಹುಡುಗ. ಕೇಳಿದ್ದನ್ನೆಲ್ಲ ಬರೆದು, ರಟ್ಟು ಕಟ್ಟಿ, ಡೇವಿಗೇ ಕಳಿಸಿ, ಮರುವರ್ಷ ಅಲ್ಲೇ ಕೆಲಸಕ್ಕೆ ಸೇರಿದ. ಹೆಸರು ಮೈಕೆಲ್ ಫ್ಯಾರಡೆ. 1831ರಲ್ಲಿ ಅವನು ಕಂಡುಹಿಡಿದ ತತ್ವದ ಮೇಲೆಯೇ ಇವತ್ತಿಗೂ ಜನರೇಟರು ತಿರುಗೋದು. ಅಲ್ಲೇನೂ ಸಮಾನತೆ ಇರಲಿಲ್ಲ. ಡೇವಿಯ ಹೆಂಡತಿ ಫ್ಯಾರಡೆಯನ್ನು ಆಳಿನ ಹಾಗೆ ನಡೆಸಿಕೊಂಡಳು. ಆದರೆ ಪಾಠದ ಮನೆ ಬಾಗಿಲಲ್ಲಿ ಕಮ್ಮಾರನ ಮಗನ ನೆರಳು ಬಿತ್ತು ಅಂತ ಯಾರೂ ನೀರು ಚೆಲ್ಲಲಿಲ್ಲ.

ಇಲ್ಲಿ ಏನಾಯಿತು? ಓದು ಬಲ್ಲವನು ತೊಗಲು ಮುಟ್ಟಲಿಲ್ಲ, ತೊಗಲು ಮುಟ್ಟಿದವನಿಗೆ ಓದು ಕೊಡಲಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ಬಂಗಾಳದ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಹಿಂದೂ ರಸಾಯನ ವಿದ್ಯೆಯ ಇತಿಹಾಸವನ್ನು 1902 ಮತ್ತು 1909ರಲ್ಲಿ ಎರಡು ಸಂಪುಟವಾಗಿ ಬರೆದರು. ಕಸುಬುಗಳು ಕೆಳಜಾತಿಗಳ ಪಾಲಾಗಿ, ಬುದ್ಧಿವಂತರು ಅನ್ನಿಸಿಕೊಂಡವರು ಅವುಗಳಿಂದ ದೂರ ಸರಿದಾಗ, ಯಾಕೆ ಅಂತ ಕೇಳೋ ಗುಣವೇ ಈ ದೇಶದಲ್ಲಿ ಸತ್ತಿತು ಅಂತ ಅವರು ಅಲ್ಲಿ ನೊಂದು ಬರೆದಿದ್ದಾರೆ. ಬಾಬಾಸಾಹೇಬರು 1936ರಲ್ಲಿ ಜಾತಿಯು ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಹೋಳು ಮಾಡಿದೆ ಅಂದಾಗ ಅದರ ಲೆಕ್ಕ ಪೂರ್ತಿಯಾಯಿತು.

ಅದಕ್ಕೆ ತೆತ್ತ ಬೆಲೆ ಏನು ಅಂತ ನೋಡಿ. 1884ರಲ್ಲಿ ನ್ಯೂಯಾರ್ಕಿನ ಬಣ್ಣದ ಕೆಮಿಸ್ಟ್ ಆಗಸ್ಟಸ್ ಷುಲ್ಟ್ಸ್ ಕ್ರೋಮ್ ಉಪ್ಪಿನಿಂದ ಹದ ಮಾಡೋ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಟ್ಟಲೆ ಹಿಡಿಯುತ್ತಿದ್ದ ಹದ ಒಂದೆರಡು ದಿನಕ್ಕೆ ಬಂತು. ಅಮೆರಿಕದವರು ಮದರಾಸಿನಿಂದ ತಂಗಡಿಯಲ್ಲಿ ಹದವಾದ ಆಡಿನ ತೊಗಲು ಕೊಳ್ಳೋದನ್ನು ಕಡಿಮೆ ಮಾಡಿ, ಹಸಿ ತೊಗಲನ್ನೇ ಕೇಳತೊಡಗಿದರು. ಅಂದರೆ ಪ್ರಾಣಿ ನಮ್ಮದು, ಸುಲಿದವರು ನಾವು, ಹದದ ಕೂಲಿ ಮತ್ತು ಲಾಭ ಹಡಗು ಹತ್ತಿ ಹೋಯಿತು. 1903ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷಿನವನು ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ಶುರುಮಾಡಿದ. ಆ ತೊಗಲು ನೀರಿಗೆ ಕೊಳೆಯೋದು ಕಡಿಮೆ, ಕಪಿಲೆ ಬಾವಿಯ ತೊಗಲ ಚೀಲಕ್ಕೆ ಹೇಳಿಸಿದ್ದು. ಕೆಲಸ ಊರ್ಜಿತವಾಗೋ ಹೊತ್ತಿಗೆ, ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದು ಅಂತ ಬಿಳಿ ವರ್ತಕರ ಕೂಗೆದ್ದಿತು. 1910ರಲ್ಲಿ ಲಂಡನ್ನಿನಿಂದ ಮಂತ್ರಿ ಮಾರ್ಲೆಯ ಕಡಿವಾಣ ಬಂತು. ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದ.

ಆಗ ಮೈಸೂರಿನ ಸ್ಥಿತಿ ಹೇಗಿತ್ತು? ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಸರ್ಕಾರಿ ಶಾಲೆಗೆ ನಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಅಂತ ಸಂಸ್ಥಾನದ ಆದೇಶ ಆದದ್ದು 1915ರಲ್ಲಿ. ಅದಕ್ಕೂ ಮೇಲ್ಜಾತಿಗಳ ಗಲಾಟೆ. ವಿಜ್ಞಾನದ ದೊಡ್ಡ ಮನೆ ಮೊದಲು, ಅ ಆ ಇ ಈ ಆಮೇಲೆ! ಜ್ಞಾನ ಮೇಲಿಂದ ತಾನಾಗಿ ಕೆಳಕ್ಕೆ ಹರಿದು ಬರುತ್ತೆ ಅನ್ನೋರಿಗೆ ನಾನು ಈ ಎರಡು ಇಸವಿ ತೋರಿಸ್ತೀನಿ. ನೀರಿಗೂ ಕಾಲುವೆ ತೋಡಬೇಕು. ಕಾಲುವೆ ಯಾವ ಕೇರಿಗೆ ತಿರುಗಬೇಕು ಅನ್ನೋದನ್ನು ಯಾರೋ ಕೂತು ತೀರ್ಮಾನ ಮಾಡಿರ್ತಾರೆ.

ಅಂದಮಾತ್ರಕ್ಕೆ ನೀವು ಮತ್ತೆ ಗುಂಡಿಗೆ ಇಳೀರಿ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋರು ನಮ್ಮ ಮಿತ್ರರಲ್ಲ. ಕ್ರೋಮ್ ಬಂದಮೇಲೂ ಅದರ ವಿಷದ ನೀರಲ್ಲಿ ಕಾಲಿಟ್ಟು ನಿಂತವರು ಯಾರು ಅಂತ ನಿಮಗೇ ಗೊತ್ತು. ನನ್ನ ಸಂಕಟ ಬೇರೆ. ನಾವು ಹಾಸ್ಟೆಲಿಗೆ ಬಂದೊಡನೆ ಮನೆಯವರ ‘ಹೆಂಗೆ’ಯನ್ನು ನಾಚಿಕೆ ಅಂತ ಬಿಡ್ತೀವಿ. ಕಾಲೇಜಲ್ಲಿ ‘ಯಾಕೆ’ ಕೇಳದೆ ನೋಟ್ಸ್ ಉರು ಹೊಡೀತೀವಿ. ಎರಡೂ ಹೋಯಿತು.

ನಾನು ಮೂರು ತಿಂಗಳು ಲೈಬ್ರರಿಗಳನ್ನು ಅಲೆದೆ. ಚೆನ್ನೈನಲ್ಲಿ 1948ರಲ್ಲಿ ಹುಟ್ಟಿದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇದೆ, ಇಂಥ ಪ್ರಶ್ನೆಗಳೇ ಅಲ್ಲಿನ ಕೆಲಸ ಅನ್ನೋದೂ ಆಗಲೇ ತಿಳಿದದ್ದು. ಕೊನೆಗೆ ಉತ್ತರ ಸಿಕ್ಕಿತು. ಒಗರಿನಲ್ಲಿ ಎರಡು ಜಾತಿಯಂತೆ (ಜಾತಿ ಇಲ್ಲೂ ಬಿಡಲಿಲ್ಲ ನೋಡಿ). ತಂಗಡಿಯ ಒಗರು ಬೆಳಕಿಗೆ ಕೆಂಪಾಗುವ ಜಾತಿಯದು. ಅಳಲೆಯದು ಬೇರೆ ಜಾತಿ, ಅದು ಮೇಲೆ ಕೂತು ಆ ಕೆಂಪನ್ನು ತಡೆಯುತ್ತೆ. ಊರಿಗೆ ಓಡಿಹೋಗಿ ತಾತನಿಗೆ ಹೇಳಿದೆ. ಅವನು ಬೀಡಿ ಆರಿಸಿ, ಪೂರ್ತಿ ಕೇಳಿಸಿಕೊಂಡು, ‘ಹಂಗಾ?’ ಅಂದ. ಸ್ವಲ್ಪ ಹೊತ್ತು ಬಿಟ್ಟು ಅಂದ: ‘ಸರಿ, ಚಳಿಗಾಲದಾಗೆ ಅದೇ ಚಕ್ಕೆ, ಅದೇ ನೀರು, ಹದ ಬರೋಕೆ ತಡ ಆಗ್ತದಲ್ಲ, ಅದು ಯಾಕೆ?’

ಈ ಹಾಸ್ಟೆಲಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದೋ ತಮ್ಮ ಒಬ್ಬನಿದ್ದಾನೆ. ಮೂರನೇ ಸಾಲಲ್ಲಿ ಕೂತಿದ್ದಾನೆ. ಪ್ರಶ್ನೆಯನ್ನು ಬರೆದು ಅವನ ಕೈಗೆ ಕೊಟ್ಟಿದ್ದೀನಿ. ಬರೋ ಭಾನುವಾರ ಅವನು ನನ್ನ ಜೊತೆ ನಮ್ಮ ಊರಿಗೆ ಬರ್ತಾನೆ.